ಹೆಸರಿನ ಮೇಲಿನ ಟೇಪು

ಲ್ಯಾಬಿನವರು ಬೆನ್ನ ಹಿಂದೆ ತಮ್ಮ ವೈದ್ಯರನ್ನು ‘ಜ್ಯೋತಿಷಿಗಳು’ ಎನ್ನುತ್ತಾರೆ. ಪ್ರಾಸ್ಟೇಟ್ ಗ್ರಂಥಿಯಿಂದ ತೆಗೆದ ನೂಲಿನಷ್ಟು ತುಣುಕಿಗೆ ಬಣ್ಣ ಹಾಕಿಸಿ, ಜೀವಕೋಶಗಳಲ್ಲಿ ಮೂಡುವ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಈ ಕ್ಯಾನ್ಸರ್ ತೆಪ್ಪಗೆ ಬಿದ್ದಿರುವುದೋ ಮೈಯೆಲ್ಲ ಹಬ್ಬುವುದೋ ಎಂದು ಹೇಳುವುದು ಅವರ ಕೆಲಸ. ನೋಡುತ್ತ ಕುಳಿತರೆ ಚಹಾ ತಣ್ಣಗಾಗಿ ಕೆನೆ ಕಟ್ಟಿದರೂ ತಲೆ ಎತ್ತುವವರಲ್ಲ. ಪಕ್ಕದ ಗೋಡೆ ಬಿದ್ದರೆ ‘ಸ್ವಲ್ಪ ಮೆಲ್ಲಗೆ’ ಎಂದು ಗೋಡೆಯನ್ನೇ ಗದರಿಸುವ ಆಸಾಮಿ. ತುಣುಕು ಇಟ್ಟ ಗಾಜಿನ ಪಟ್ಟಿಯ ಮೇಲಿರುವ ರೋಗಿಯ ಹೆಸರಿಗೆ ಸಹಾಯಕಿ ಮೊದಲು ಬಿಳಿ ಟೇಪು ಅಂಟಿಸಲೇಬೇಕು. “ಹೆಸರು ಕಂಡ್ರೆ ಕಣ್ಣಿಗೆ ದಾಕ್ಷಿಣ್ಯ ಬಂದ್ಬಿಡತ್ತಮ್ಮ,” ಎಂದು ಅವಳಿಗೆ ದಿನವೂ ಹೇಳುತ್ತಾರೆ. “ಇದು ಸೋಂಬೇರಿ, ಮಲಗಿರ್ಲಿ ಬಿಡು” ಎಂದೋ, “ಇದು ಪೋಕರಿ, ಬೇಗ ಹಿಡೀಬೇಕು” ಎಂದೋ ತೀರ್ಪು ಬರೆಸಿದ ಮೇಲೆಯೇ ಟೇಪು ಕಿತ್ತು, ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ, ಮರ್ಯಾದೆಯಿಂದ ಓದುತ್ತಾರೆ. ಮೊನ್ನೆ ಒಂದು ಪೋಕರಿಯ ಟೇಪು ಕಿತ್ತವರು ಓದಲಿಲ್ಲ. ಅದು ಅವರ ಅಣ್ಣನ ಹೆಸರು. ಹೊಸ ಟೇಪು ಹರಿದು, ಹೆಸರನ್ನು ಮುಚ್ಚಿ, ಏನೂ ಗೊತ್ತಿಲ್ಲದವರಂತೆ ಮತ್ತೆ ಮೊದಲಿನಿಂದ ನೋಡತೊಡಗಿದರು. “ಯಾಕ್ ಸರ್, ಅನುಮಾನ ಇದ್ಯಾ?” ಎಂದಳು ಸಹಾಯಕಿ. “ಅನುಮಾನ ಇಲ್ಲಮ್ಮ,” ಎಂದರು, ಕಣ್ಣು ತೆಗೆಯದೆ. “ಆಸೆ ಇದೆ.”