ಕಿವಿ ಮಂದವಾಯಿತೆಂದು ನಂಬಿದ ಸಂಗನಬಸಪ್ಪ

ಪರದೇಶದ ಪೇರ್ಲ್ಯಾಂಡ್ ಊರಿನಲ್ಲಿ ಜೋರು ಮಳೆ ಹಿಡಿದರೆ ಕನ್ನಡದವರು ಮೊದಲು ಫೋನ್ ಮಾಡುತ್ತಿದ್ದುದು ಸಂಗನಬಸಪ್ಪನವರಿಗೆ. ಗದಗಿನ ಕಡೆಯವರು, ಹತ್ತಿರದ ಸ್ಟಾಫರ್ಡಿನಲ್ಲಿ ಕಿರಾಣಿ ಅಂಗಡಿ. ಜೇಬಿನಲ್ಲಿ ಸದಾ ಒಂದು ಸ್ಕ್ಯಾನರ್. ಅಗ್ನಿಶಾಮಕ ದಳದವರು, ಆಂಬುಲೆನ್ಸಿನವರು ವೈರ್‌ಲೆಸ್ಸಿನಲ್ಲಿ ಆಡುವ ಮಾತನ್ನು ಕೇಳಿಸುವ ಅಂಗೈಯಗಲದ ರೇಡಿಯೋ ಅದು. ಅಂಗಡಿಯ ಗದ್ದಲದಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರು. ಯಾವ ರಸ್ತೆಯಲ್ಲಿ ನೀರು ನಿಂತಿದೆ ಎಂದು ಅವರು ಹೇಳಿದ ಮೇಲೆಯೇ ಎಷ್ಟೋ ಜನ ಕಾರು ಹೊರಗೆ ತೆಗೆಯುತ್ತಿದ್ದರು. ಕನ್ನಡದವರೇ ಕಟ್ಟಿಕೊಂಡಿದ್ದ ನೆರೆ ನೆರವಿನ ತಂಡಕ್ಕೂ ಅವರೇ ಆಧಾರ.

ಒಂದು ಬಿರುಗಾಳಿಯಲ್ಲಿ, ಯಾರೋ ನೀರಿನಲ್ಲಿ ಸಿಕ್ಕಿಬಿದ್ದ ಸುದ್ದಿ ಕೇಳಿ ತಾವೇ ಪಿಕಪ್ ಹತ್ತಿ ಹೊರಟರು. ಗಾಡಿ ಅರ್ಧ ಮುಳುಗಿತು. ದೋಣಿಯವರು ಬಂದು ಇವರನ್ನೇ ಎತ್ತಿ ತರಬೇಕಾಯಿತು. ಹೆಂಡತಿ ಸುಮಿತ್ರವ್ವ ಅವರ ಒದ್ದೆ ಬಟ್ಟೆ ಹಿಂಡಿ ಒಣಗಲು ಹಾಕಿದರು.

ಕೆಲವು ದಿನಗಳ ಮೇಲೆ ಸೀಡರ್ ಪಾರ್ಕ್ ಎಂಬ ಊರಿನಿಂದ ಬಂದ ಮಗಳು ಪ್ರೇರಣಾ ಗಿಡ್ಡ ವೈರೊಂದನ್ನು ಕೊಟ್ಟಳು.

"ಅಪ್ಪಾ, ಇಯರ್‌ಫೋನ್ ನೇರ ಚುಚ್ಚಿದ್ರ ರೇಡಿಯೋದ ತೂತು ಸಡಿಲ ಆಗ್ತದ. ಇದನ್ನ ಅದಕ್ಕ ಹಾಕೇ ಇಡ್ರಿ. ಇಯರ್‌ಫೋನ್ ಇದಕ್ಕ ಚುಚ್ರಿ."

ಆಮೇಲೆ ರೇಡಿಯೋದ ದನಿ ಸಣ್ಣದಾಯಿತು. ವಾಲ್ಯೂಮ್ ತುದಿಗಿಟ್ಟರೂ ಪಿಸುಮಾತು. ಬ್ಯಾಟರಿ ಬದಲಿಸಿದರು, ಬೇರೆ ಇಯರ್‌ಫೋನ್ ಕೊಂಡರು. ಮಗಳು ತಂದ ವೈರಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅವಳನ್ನೇ ಕೇಳಿದರೆ, "ವಯಸ್ಸಾತಲ್ಲ ಅಪ್ಪಾ, ಕಿವಿ ಇರಬೇಕು" ಎಂದಳು.

ಮುಂದಿನ ಮಳೆಗೆ ವಿಜಯಾ ಎಂಬ ನರ್ಸ್ ಫೋನ್ ಮಾಡಿ ದಾರಿ ಕೇಳಿದಳು. ಆಗಷ್ಟೇ ಬಂದ್ ಆದ ರಸ್ತೆಯ ಹೆಸರು ಇವರಿಗೆ ಕೇಳಿಸಿರಲಿಲ್ಲ. ಹೋಗವ್ವ ಎಂದುಬಿಟ್ಟರು. ಅವಳು ಮುಳುಗುತ್ತಿದ್ದ ಕಾರಿನ ಕಿಟಕಿಯಿಂದ ಹೊರಬಿದ್ದು ಬದುಕಿಕೊಂಡಳು. ಅದೇ ವಾರ ಸಂಗನಬಸಪ್ಪ ತಂಡದ ಕೆಲಸವನ್ನು ಶ್ರೀಕರ್ ಎಂಬ ಹುಡುಗನಿಗೆ ಒಪ್ಪಿಸಿ ಮನೆಗೆ ಬಂದರು.

ಕೊನೆಗೆ ಕಿವಿ ತೋರಿಸಲು ಹೊರಟಾಗ ಡ್ರೈವ್ ಮಾಡಿದವರು ಸುಮಿತ್ರವ್ವನೇ. ಪರೀಕ್ಷೆ ಮಾಡಿದಾಕೆ, ಕಿವಿಗೆ ಏನೂ ಆಗಿಲ್ಲ ಎಂದಳು. ಸಂಗನಬಸಪ್ಪ ನಂಬದೆ ಸ್ಕ್ಯಾನರನ್ನು ಅವಳ ಮುಂದಿಟ್ಟರು. ಅವಳು ಗಿಡ್ಡ ವೈರನ್ನು ಎಳೆದು ನೋಡಿ ನಕ್ಕಳು. ಅದು ಮಕ್ಕಳ ಹೆಡ್‌ಫೋನಿಗೆ ಹಾಕುವಂಥದ್ದು, ದನಿ ಏರದಂತೆ ತಡೆಯಲೆಂದೇ ಮಾಡಿದ್ದು.

ಸಂಗನಬಸಪ್ಪ ಹೆಂಡತಿಯತ್ತ ತಿರುಗಿದರು. ಅವರು ತಲೆ ಎತ್ತಲಿಲ್ಲ.

ಕಾರಿನಲ್ಲಿ ಕೇಳಿದರು: "ನಿನಗ ಗೊತ್ತಿತ್ತೇನು?"

"ನಾನೇ ತರಿಸಿದ್ದೆ. ಕೇಳಿಸಿದ್ರ ನೀವು ಮತ್ತ ನೀರಿಗೆ ಹೋಗ್ತಿದ್ರಿ."

"ಹೋಗಬ್ಯಾಡ್ರಿ ಅಂತ ಹೇಳಬೇಕಿತ್ತು."

"ಹೇಳಿದ್ರ ಕೇಳ್ತಿದ್ರೇನು?"

ಸಂಗನಬಸಪ್ಪ ಗಿಡ್ಡ ವೈರನ್ನು ಕೈಯಲ್ಲಿ ಹಿಡಿದು ಹೇಳಿದರು: "ವಿಜಯಾ ಸಾಯೋದು ಸ್ವಲ್ಪದರಾಗ ತಪ್ಪಿತು. ಆವಾಗರೆ ಹೇಳಬಹುದಿತ್ತಲ್ಲ? ಕಿವುಡ ಆದೆ ಅಂತ ತಂಡ ಬಿಟ್ಟು ಬಂದು ಕುಂತಾಗ ನೀನು ಚಹಾ ತಂದುಕೊಟ್ಟಿ. ಬಾಯಿ ಬಿಡಲಿಲ್ಲ."

ಸುಮಿತ್ರವ್ವ ಅಳುತ್ತಲೇ ಕಾರು ಓಡಿಸಿದರು.

ವೈರು ತೆಗೆದ ಮೇಲೆ ದನಿ ಮರಳಿತು. ಅಂಗಡಿಯ ಸದ್ದಿಗೆ ಅದೂ ಸಾಲದೆನಿಸಿ, ದನಿ ಹೆಚ್ಚಿಸುವ, ಬೆಂಕಿಪೊಟ್ಟಣದಷ್ಟು ಪುಟ್ಟ ಆಂಪ್ಲಿಫೈಯರ್ ತಂದು ನಡುವೆ ಜೋಡಿಸಿದರು. ಪ್ರತಿ ಮಾತೂ ಸ್ಪಷ್ಟ. ಆದರೆ ಜನ ಈಗ ಶ್ರೀಕರನಿಗೆ ಫೋನ್ ಮಾಡುತ್ತಿದ್ದರು. ಪ್ರೇರಣಾ ಕ್ಷಮೆ ಕೇಳಲು ಕರೆ ಮಾಡಿದಾಗ, "ಊಟ ಆತೇನು?" ಎಂದಷ್ಟೇ ಕೇಳಿ ಫೋನನ್ನು ಅವಳ ತಾಯಿಯ ಕೈಗೆ ಕೊಟ್ಟರು.

ಒಂದು ಭಾನುವಾರ ವಿಜಯಾಳ ಮನೆಗೆ ಹೋದರು. ಎಲ್ಲವನ್ನೂ ಹೇಳಿಬಿಡಬೇಕೆಂದುಕೊಂಡಿದ್ದರೂ ಹೆಂಡತಿ, ಮಗಳ ಹೆಸರು ಬಾಯಿಗೆ ಬರಲಿಲ್ಲ.

"ಕಿವಿ ಸರಿ ಅದ ಅವ್ವ. ವೈರು ಕೆಟ್ಟಿತ್ತು" ಎಂದರು.

"ಅಯ್ಯೋ ಅಂಕಲ್, ಪ್ರೇರಣಾಗೆ ಒಂದು ಮಾತು ಹೇಳಿದ್ರೆ ಆಗಲೇ ನೋಡಿ ಸರಿ ಮಾಡ್ತಿದ್ಲಲ್ಲ!"

"ಹೌದವ್ವ" ಎಂದು ಸಂಗನಬಸಪ್ಪ ಚಪ್ಪಲಿ ಮೆಟ್ಟಿಕೊಂಡರು.