ಆರು ಮಂದಿ ಎಂದಿದ್ದ ಸಾಲು

ಕುಂಜತ್ತೂರಿನಿಂದ ಒಳದಾರಿಯಲ್ಲಿ ಎರಡು ಮೈಲು ಹೋದರೆ ಸಿಗುವ ಹಂಚಿನ ಮಾಡಿನ ಗ್ರಂಥಾಲಯದಲ್ಲಿ ಸುಂದರಿ ಹತ್ತೊಂಬತ್ತು ವರ್ಷಗಳಿಂದ ಗ್ರಂಥಪಾಲಕಿ. ಹೆಸರಿಗೆ ಗ್ರಂಥಪಾಲಕಿಯಾದರೂ ಗುಡಿಸುವುದು, ಪತ್ರಿಕೆ ಜೋಡಿಸುವುದು, ಗೆದ್ದಲು ಹಿಡಿದ ಕಪಾಟಿಗೆ ಸೀಮೆಎಣ್ಣೆ ಹಚ್ಚುವುದು ಎಲ್ಲ ಅವಳ ಪಾಲಿಗೇ. ಅದಕ್ಕೆ ಮೊದಲು ಇಪ್ಪತ್ತು ವರ್ಷಕ್ಕೂ ಮೇಲೆ ಬೀಡಿ ಕಟ್ಟಿದ್ದಳು. ಏಳನೆಯ ತರಗತಿಗೆ ಬಿಟ್ಟ ಓದನ್ನು ಮೂವತ್ತು ದಾಟಿದ ಮೇಲೆ ಹಿಡಿದು, ಸಾಕ್ಷರತೆಯವರ ತುಲ್ಯತಾ ಪರೀಕ್ಷೆ ಬರೆದು ಹತ್ತನೆಯದನ್ನು ಪಾಸು ಮಾಡಿದವಳು. ಈಗ ಅವಳಿಗೆ ಐವತ್ತನಾಲ್ಕು. ಗಂಡ ವಾಸಪ್ಪನಿಗೆ ಟೆಂಪೋ ಓಡಿಸುವ ಕೆಲಸ. ಮನೆಯಲ್ಲಿ ಜೊತೆಗೆ ತಾಯಿ ಶಂಕರಿ, ಎಂಬತ್ತರ ಹತ್ತಿರ.

ಕಳೆದ ವರ್ಷ ಜೂನಿನಲ್ಲಿ ತೃಪ್ತಿ ಎಂಬ ಕಾಲೇಜು ಅಧ್ಯಾಪಕಿ ಆ ಗ್ರಂಥಾಲಯದಲ್ಲಿ ಒಂದು ಶನಿವಾರ ತರಬೇತಿ ಇಟ್ಟುಕೊಂಡರು. ಕನ್ನಡ ವಿಕಿಪೀಡಿಯಕ್ಕೆ ಬರೆಯುವುದು ಹೇಗೆ ಎಂಬ ವಿಷಯ. ಬೆಳಿಗ್ಗೆ ಹದಿನಾಲ್ಕು ಮಂದಿ ಇದ್ದರು. ಊಟವಾದ ಮೇಲೆ ಉಳಿದವರು ಐವರು. ಬಾಗಿಲು ಹಾಕಬೇಕಾದವಳು ತಾನೇ ಆದ್ದರಿಂದ ಸುಂದರಿ ಹಿಂದಿನ ಬೆಂಚಿನಲ್ಲಿ ಕೊನೆಯವರೆಗೂ ಕುಳಿತಳು.

"ಅಕ್ಕ, ನೀವೂ ಒಂದು ಖಾತೆ ಮಾಡಿ" ಎಂದರು ತೃಪ್ತಿ.

"ನನಗೆ ಬರೆಯಲಿಕ್ಕೆ ಎಂತ ಉಂಟು?"

"ಓದುವಾಗ ತಪ್ಪು ಕಂಡರೆ ತಿದ್ದಿ. ಸುರುವಿಗೆ ಅಷ್ಟೇ ಸಾಕು."

ತಿದ್ದುವುದಾದರೆ ಅವಳಿಗೆ ಬರುತ್ತಿತ್ತು. ಮಧ್ಯಾಹ್ನದ ಹೊತ್ತು ಓದುಗರಿಲ್ಲದಾಗ ಗ್ರಂಥಾಲಯದ ಹಳೆಯ ಕಂಪ್ಯೂಟರಿನ ಮುಂದೆ ಕೂರುವುದು ಅಭ್ಯಾಸವಾಯಿತು. ಮಲಯಾಳದಿಂದ ಎತ್ತಿ ಯಾರೋ ಅವಸರದಲ್ಲಿ ಬರೆದ ಊರ ಹೆಸರುಗಳು, ಜಾರಿಹೋದ ಒತ್ತಕ್ಷರಗಳು, ಎರಡು ಸಲ ಬಂದ ವಾಕ್ಯಗಳು ಹೀಗೆ ದಿನಕ್ಕೆ ನಾಲ್ಕೈದು ತಿದ್ದುತ್ತಿದ್ದಳು. ಒಮ್ಮೆ ಒಂದು ಅಕ್ಷರ ಸರಿಮಾಡಲು ಹೋಗಿ ಪಂಚಾಯತುಗಳ ಇಡೀ ಪಟ್ಟಿಯನ್ನೇ ಅಳಿಸಿಬಿಟ್ಟಳು. ತೃಪ್ತಿಗೆ ಫೋನು ಮಾಡಿದರೆ ಆಕೆ ನಕ್ಕು, "ಅಲ್ಲಿ ಯಾವುದೂ ಹೋಗುವುದಿಲ್ಲ ಅಕ್ಕ. ಇತಿಹಾಸ ಅಂತ ಮೇಲೆ ಉಂಟಲ್ಲ, ಅದನ್ನು ಒತ್ತಿ. ಹಿಂದಿನದ್ದೆಲ್ಲ ಇರ್ತದೆ" ಎಂದರು. ಒತ್ತಿ ನೋಡಿದಳು. ಹೌದು, ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು ಎಲ್ಲವೂ ಸಾಲಾಗಿ ಇತ್ತು. ಆ ಪುಟವನ್ನು ಅವಳು ಬಹಳ ಹೊತ್ತು ನೋಡುತ್ತ ಕುಳಿತಳು.

ಅಕ್ಟೋಬರಿನಲ್ಲಿ ಒಂದು ದಿನ, ಹುಡುಕುವ ಜಾಗದಲ್ಲಿ ತನ್ನ ತವರೂರಿನ ಹೆಸರು ಬರೆದಳು: ಪೊಯ್ಯೆಕಡವು. ಇರಲಿಕ್ಕಿಲ್ಲ ಎಂದುಕೊಂಡಿದ್ದಳು, ಇತ್ತು. ಏಳೇ ಸಾಲು. ಐದನೆಯ ಸಾಲು ಹೀಗಿತ್ತು: "೧೯೮೩ರ ಜುಲೈ ತಿಂಗಳಲ್ಲಿ ಇಲ್ಲಿ ಕಡವಿನ ದೋಣಿ ಮಗುಚಿ ಆರು ಮಂದಿ ಮೃತಪಟ್ಟರು. ಬಳಿಕ ಸೇತುವೆ ನಿರ್ಮಾಣವಾಯಿತು."

ಸುಂದರಿ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದಳು. ಆರು ಅಲ್ಲ. ಏಳು. ಏಳನೆಯವಳು ಅವಳ ತಂಗಿ ಕಿನ್ನಿ, ಮೂರನೆಯ ತರಗತಿಯ ಒಂಬತ್ತು ವರ್ಷದ ಹುಡುಗಿ. 'ಆರು' ಅಳಿಸಿ 'ಏಳು' ಎಂದು ಬರೆದಳು. ಗ್ರಂಥಾಲಯದ ಬಾಗಿಲು ಹಾಕುವ ಮೊದಲು ನೋಡಿದರೆ ಮತ್ತೆ 'ಆರು' ಆಗಿತ್ತು. ಬದಲಿಸಿದವರ ಹೆಸರು ತಿರುಮಲೇಶ್ವರ. ಕಾರಣವೆಂದು ಎರಡು ಪದ: 'ಉಲ್ಲೇಖ ಇಲ್ಲ.' ಮರುದಿನ ಅವಳು ಮತ್ತೆ 'ಏಳು' ಮಾಡಿದಳು. ಅವರು ಮತ್ತೆ 'ಆರು' ಮಾಡಿದರು. ಮೂರನೆಯ ಸಲ ತಿದ್ದಿದಾಗ ಅವಳ ಪುಟದಲ್ಲಿ ಒಂದು ಎಚ್ಚರಿಕೆ ಬಂದು ಕುಳಿತಿತ್ತು: ಹೀಗೆ ಹಗ್ಗ ಜಗ್ಗಬಾರದು, ಚರ್ಚೆಪುಟದಲ್ಲಿ ಮಾತಾಡಬೇಕು ಎಂದು.

ಮೈಯೆಲ್ಲ ಉರಿದುಹೋಯಿತು. ಚರ್ಚೆಪುಟ ತೆರೆದು, ಹೇಗೆ ಬಂತೋ ಹಾಗೆ ಬರೆದಳು: "ನಾನು ಆ ಊರಿನವಳು. ಏಳನೆಯವಳು ನನ್ನ ತಂಗಿ. ಇದಕ್ಕಿಂತ ದೊಡ್ಡ ಉಲ್ಲೇಖ ಎಂತ ಬೇಕು ನಿಮಗೆ?" ಕೊನೆಗೆ ಸಹಿ ಹಾಕಲಿಕ್ಕೂ ಮರೆತಳು.

ಉತ್ತರ ಮರುದಿನ ಬಂತು.

"ಸುಂದರಿಯವರೇ, ಓದಿ ಮನಸ್ಸಿಗೆ ಕಷ್ಟವಾಯಿತು. ನೀವು ಹೇಳುವುದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ನಾಳೆ ಇನ್ನೊಬ್ಬರು ಬಂದು ಒಂಬತ್ತು ಮಂದಿ ಎಂದರೆ, ನನಗೆ ಚೆನ್ನಾಗಿ ನೆನಪಿದೆ ಎಂದರೆ, ಯಾರ ಮಾತು ಉಳಿಸುವುದು? ಇಲ್ಲಿ ನನ್ನ ನೆನಪನ್ನೂ ಬರೆಯುವ ಹಾಗಿಲ್ಲ, ನಿಮ್ಮದನ್ನೂ ಬರೆಯುವ ಹಾಗಿಲ್ಲ. ಎಲ್ಲಾದರೂ ಅಚ್ಚಾದದ್ದು ಇದ್ದರೆ ತಿಳಿಸಿ, ಸೇರಿಸೋಣ. ಇನ್ನೊಂದು ಮಾತು. ನಿಮ್ಮ ಮನೆಯವರ ವಿಷಯವಾದ್ದರಿಂದ ಆ ಸಾಲನ್ನು ನೀವೇ ತಿದ್ದಬೇಡಿ. ಇಲ್ಲಿ ಹೇಳಿ, ಬೇರೆಯವರು ನೋಡಿ ತಿದ್ದುತ್ತಾರೆ. ಅದು ಇಲ್ಲಿಯ ಕ್ರಮ."

ಎರಡು ವಾರ ಅವಳು ಆ ಕಡೆ ತಲೆ ಹಾಕಲಿಲ್ಲ. ಆದರೆ ಮಾತು ಒಳಗೆ ಕುಳಿತಿತ್ತು. ಬೈಯಲು ಎಷ್ಟು ಪ್ರಯತ್ನಪಟ್ಟರೂ ಆ ಮನುಷ್ಯ ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳಿಂದಾಗಲಿಲ್ಲ.

ಗ್ರಂಥಾಲಯದ ಅಟ್ಟದಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳಿದ್ದವು. ಏಣಿ ಹಾಕಿ ಹತ್ತಿ, ಮೂಗಿಗೆ ಸೆರಗು ಕಟ್ಟಿಕೊಂಡು ೧೯೮೩ರ ಕಟ್ಟನ್ನು ಇಳಿಸಿದಳು. ದೋಣಿ ಮಗುಚಿದ ಮೂರನೆಯ ದಿನದ ಪತ್ರಿಕೆಯಲ್ಲಿ ಸುದ್ದಿ ಇತ್ತು. ಆರು ಹೆಸರು, ವಯಸ್ಸು, ಮನೆ. ಆರನ್ನೂ ಅವಳು ಬಲ್ಲಳು. ಒಬ್ಬರ ಮನೆಯಲ್ಲಿ ಮಜ್ಜಿಗೆ ಕುಡಿದು ಬೆಳೆದವಳು. ಮಳೆ ಜೋರಾದ್ದರಿಂದ ಶೋಧ ನಿಲ್ಲಿಸಲಾಗಿದೆ ಎಂದು ಕೊನೆಯಲ್ಲಿ ಒಂದು ಸಾಲು. ಆಮೇಲೆ ಆ ವಿಷಯವೇ ಇಲ್ಲ.

ಕಿನ್ನಿ ಸಿಕ್ಕಿದ್ದು ಹನ್ನೊಂದನೆಯ ದಿನ. ಪತ್ರಿಕೆಯವರು ಹೋಗಿದ್ದರು, ಅಧಿಕಾರಿಗಳು ಹೋಗಿದ್ದರು. ಕೂಲಿ ಕೆಲಸದ ಅಪ್ಪ ಒಬ್ಬರೇ ಅಳಿವೆಯವರೆಗೆ ದಿನವೂ ನಡೆದು ಹುಡುಕುತ್ತಿದ್ದರು. ಆ ದಿನ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಬಂದು ಜಗಲಿಯಲ್ಲಿ ಕುಳಿತು, "ಸಿಕ್ಕಿದಳು, ಅಲ್ಲಿಯೇ ಮುಗಿಸಿ ಬಂದೆ" ಎಂದಷ್ಟೇ ಹೇಳಿದರು. ಕಚೇರಿಗೆ ಹೋಗಿ ಬರೆಸಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಅವರು ಹೋಗುತ್ತಿರಲಿಲ್ಲ. ಪಂಚಾಯತಿನ ಮರಣ ರಿಜಿಸ್ಟರಿನಲ್ಲಿ ಹುಡುಕಿಸಿದಾಗ ಕಿನ್ನಿಯ ಹೆಸರು ಇಲ್ಲದ್ದು ಸುಂದರಿಗೆ ಆಶ್ಚರ್ಯವೆನಿಸಲಿಲ್ಲ.

ಆಗ ನೆನಪಾದದ್ದು ಹರಿನಾರಾಯಣ ಮಾಷ್ಟ್ರು. ಮೂರನೆಯ ತರಗತಿಯಲ್ಲಿ ಕಿನ್ನಿಗೆ ಪಾಠ ಮಾಡಿದವರು. ಆ ಶಾಲೆ ಮುಚ್ಚಿ ವರ್ಷಗಳಾಗಿವೆ, ಮಾಷ್ಟ್ರೂ ಇಲ್ಲ. ಆದರೆ ಶಾಲೆಗೆ ಐವತ್ತು ತುಂಬಿದಾಗ ಒಂದು ಸ್ಮರಣ ಸಂಚಿಕೆ ಅಚ್ಚು ಹಾಕಿಸಿದ್ದರೆಂದೂ, ಮಾಷ್ಟ್ರೇ ಅದರ ಸಂಪಾದಕರಾಗಿದ್ದರೆಂದೂ ಅವಳು ಕೇಳಿದ್ದಳು. ಅವರ ಮಗಳು ಅನ್ನಪೂರ್ಣೇಶ್ವರಿ ಮಧೂರಿನಲ್ಲಿದ್ದಾರೆ ಎಂದು ಪತ್ತೆಹಚ್ಚಿ, ಜನವರಿಯ ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಹೋದಳು. ದೇವಸ್ಥಾನದ ಹತ್ತಿರ ಇಳಿದು, ಹೊಳೆ ಬದಿಯ ದಾರಿ ಹಿಡಿದು, ಕೇಳಿಕೊಂಡು ಮನೆ ಮುಟ್ಟಿದಳು.

"ಬನ್ನಿ, ಬನ್ನಿ. ಎಂತ ವಿಷಯ?" ಎಂದು ಕೂರಿಸಿದರು ಆ ಹೆಂಗಸು. ವಿಷಯ ಕೇಳಿದ ಮೇಲೆ ಒಳಗೆ ಹೋಗಿ ಒಂದು ಹಳದಿ ಪುಸ್ತಕ ತಂದರು. "ಅಪ್ಪ ಆ ದೋಣಿಯ ಬಗ್ಗೆ ಬರೆದದ್ದುಂಟು. ಮೂರು ಸಲ ಬರೆದು ಹರಿದುಹಾಕಿದ್ದರು. ನಾನು ನೋಡಿದ್ದೇನೆ."

ನಲವತ್ತೊಂದನೆಯ ಪುಟ. ಸುಂದರಿ ಬೆರಳಿಟ್ಟು ಓದಿದಳು.

"ನನ್ನ ಮೂರನೆಯ ತರಗತಿಯ ಕಿನ್ನಿಯೂ ಆ ದೋಣಿಯಲ್ಲಿದ್ದಳು. ಹನ್ನೊಂದನೆಯ ದಿನ ಅಳಿವೆಯ ಹತ್ತಿರ ಎರಡು ಶವ ಸಿಕ್ಕಿದವು. ಒಂದು ನಮ್ಮ ಕಿನ್ನಿ. ಇನ್ನೊಂದು, ಮುರಕಲ್ಲು ಕಡಿಯುವ ಕೋರೆಗೆ ಬೇರೆ ಊರಿನಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಹೆಂಗಸು. ಅವಳ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಆರು ಮಂದಿ ಎಂದು ಬಂದದ್ದು ಹಾಗೆಯೇ ಉಳಿಯಿತು. ಹೋದವರು ಎಂಟು ಮಂದಿ."

ಎಂಟು. ಸುಂದರಿ ಆ ಅಂಕೆಯ ಮೇಲಿಂದ ಬೆರಳು ತೆಗೆಯಲಿಲ್ಲ. ಏಳು, ಏಳು ಎಂದು ಮೂರು ಸಲ ತಿದ್ದಿದವಳು ಅವಳು. ನಾನು ಆ ಊರಿನವಳು ಎಂದು ಬರೆದವಳು. ಕೋರೆಯ ಹೆಂಗಸರು ದಿನವೂ ಅವರ ಅಂಗಳದ ಬದಿಯಿಂದಲೇ ನೀರಿಗೆ ಹೋಗುತ್ತಿದ್ದರು. ಅವರಲ್ಲಿ ಒಬ್ಬಳು ಕಡಿಮೆಯಾದದ್ದು ಅವಳಿಗೆ ನಲವತ್ತು ವರ್ಷದಲ್ಲಿ ಒಮ್ಮೆಯೂ ತಿಳಿಯಲಿಲ್ಲ.

"ನೀರು ಬೇಕಾ?" ಎಂದರು ಅನ್ನಪೂರ್ಣೇಶ್ವರಿ.

ನೀರು ಕುಡಿದ ಮೇಲೆ, ಯಾಕೆಂದು ಗೊತ್ತಿಲ್ಲದೆ, ಗಂಡನಿಗೂ ಹೇಳದ ಮಾತನ್ನು ಸುಂದರಿ ಆ ಅಪರಿಚಿತ ಹೆಂಗಸಿನ ಮುಂದೆ ಹೇಳಿಬಿಟ್ಟಳು. ಕಟ್ಟಿದ ಬೀಡಿಯನ್ನು ಆಚೆ ದಡದ ಡಿಪೋಗೆ ಕೊಂಡುಹೋಗುವ ಸರದಿ ಅವತ್ತು ಅವಳದಾಗಿತ್ತು. ಮಳೆಗೆ ಹೊರಡಲು ಉದಾಸೀನವಾಗಿ, ಹೊಟ್ಟೆನೋವು ಎಂದು ಸುಳ್ಳು ಹೇಳಿ ಮಲಗಿದ್ದಳು. ಕಿನ್ನಿ ಹೋದಳು.

ಅನ್ನಪೂರ್ಣೇಶ್ವರಿ ಖಾಲಿ ಲೋಟ ತೆಗೆದುಕೊಂಡರು. "ನಾನು ಎಂತ ಹೇಳಲಿ ಸುಂದರಿ. ನೀವು ಆಗ ಹದಿಮೂರು ವರ್ಷದವರು. ಊಟ ಮಾಡಿಕೊಂಡೇ ಹೋಗಬೇಕು" ಎಂದರು. ಸುಂದರಿ ಊಟ ಮಾಡಿದಳು. ಅಳು ಬಂದದ್ದು ಸಾರಿಗೆ ಕೈಹಾಕಿದಾಗ. ಬಡಿಸುತ್ತಿದ್ದವರು ನೋಡಿಯೂ ನೋಡದವರ ಹಾಗೆ ಇನ್ನೊಂದು ಸೌಟು ಅನ್ನ ಹಾಕಿದರು.

ಹೊರಡುವಾಗ ಪುಸ್ತಕದ ಪುಟದ ಫೋಟೋ ತೆಗೆಯಲು ಕೇಳಿದಳು. "ಫೋಟೋ ಯಾಕೆ, ಎರಡು ಪ್ರತಿ ಉಂಟು. ಒಂದು ನಿಮ್ಮ ಗ್ರಂಥಾಲಯದಲ್ಲಿರಲಿ" ಎಂದು ಪುಸ್ತಕವನ್ನೇ ಕೈಗಿಟ್ಟರು.

ಸೋಮವಾರ ಬೆಳಿಗ್ಗೆ ಸುಂದರಿ ಮೊದಲು ಮಾಡಿದ ಕೆಲಸವೆಂದರೆ ಆ ಸಂಚಿಕೆಗೆ ಗ್ರಂಥಾಲಯದ ಮುದ್ರೆ ಒತ್ತಿ, ದಾಖಲೆ ಪುಸ್ತಕದಲ್ಲಿ ನಂಬರು ಬರೆದು, ಕಪಾಟಿನಲ್ಲಿ ಇಟ್ಟದ್ದು. ಯಾರಿಗಾದರೂ ಸಂಶಯ ಬಂದರೆ ಬಂದು ತೆಗೆದು ನೋಡಬಹುದು. ಆಮೇಲೆ ಚರ್ಚೆಪುಟ ತೆರೆದಳು. ಈ ಸಲ ಬರೆಯಲು ಒಂದು ಗಂಟೆ ಹಿಡಿಯಿತು. 'ಪಾಪ' ಎಂದು ಬರೆದದ್ದನ್ನು ತೆಗೆದಳು. 'ನನ್ನ ತಂಗಿ' ಎಂಬುದನ್ನೂ ತೆಗೆದಳು. ಸಂಚಿಕೆಯ ಹೆಸರು, ವರ್ಷ, ಲೇಖಕರು, ಪುಟದ ಸಂಖ್ಯೆ, ಆ ವಾಕ್ಯಗಳು. ಕೊನೆಗೆ, "ನಾನು ಹಿಂದೆ ಏಳು ಎಂದು ತಿದ್ದಿದ್ದು ತಪ್ಪು" ಎಂದು ಬರೆದು ಸಹಿ ಹಾಕಿದಳು.

ತಿರುಮಲೇಶ್ವರ ಎರಡು ಪ್ರಶ್ನೆ ಕೇಳಿದರು: ಸಂಚಿಕೆ ಅಚ್ಚಾದ ಮುದ್ರಣಾಲಯ ಯಾವುದು, ಲೇಖಕರು ಆ ಕಾಲದಲ್ಲಿ ಆ ಊರಿನಲ್ಲಿದ್ದರೇ. ಅವಳು ಉತ್ತರಿಸಿದಳು. ಬುಧವಾರ ಐದನೆಯ ಸಾಲು ಬದಲಾಗಿತ್ತು: "೧೯೮೩ರ ಜುಲೈ ತಿಂಗಳಲ್ಲಿ ಇಲ್ಲಿ ಕಡವಿನ ದೋಣಿ ಮಗುಚಿತು. ಅಂದಿನ ಪತ್ರಿಕಾ ವರದಿ ಆರು ಮಂದಿ ಮೃತಪಟ್ಟರು ಎನ್ನುತ್ತದೆ. ಸ್ಥಳೀಯ ಶಾಲೆಯ ಸ್ಮರಣ ಸಂಚಿಕೆಯ ಪ್ರಕಾರ, ಹನ್ನೊಂದನೆಯ ದಿನ ದೊರೆತ ಇಬ್ಬರೂ ಸೇರಿ ಮೃತರ ಸಂಖ್ಯೆ ಎಂಟು."

ಕೆಳಗೆ ಅವಳಿಗೆ ಒಂದು ಮಾತು ಇತ್ತು: "ಹೆಸರುಗಳನ್ನು ಸೇರಿಸಿಲ್ಲ. ಇಂಥ ಲೇಖನದಲ್ಲಿ ಹಾಕುವ ರೂಢಿ ಇಲ್ಲ. ಬೇಸರಿಸಬೇಡಿ."

"ಬೇಡ. ಎಂಟನೆಯವಳ ಹೆಸರು ನಮಗೂ ಗೊತ್ತಿಲ್ಲ" ಎಂದು ಬರೆದಳು ಸುಂದರಿ.

ಅವತ್ತು ಸಂಜೆ ತಾಯಿ ಅಂಗಳದಲ್ಲಿ ಕುಳಿತು ಹುಣಸೆ ಬಿಡಿಸುತ್ತಿದ್ದರು. ಸುಂದರಿ ಹತ್ತಿರ ಕುಳಿತು, ಫೋನಿನಲ್ಲಿ ಆ ಸಾಲನ್ನು ಓದಿ, ತುಳುವಿನಲ್ಲಿ ಅರ್ಥ ಹೇಳಿದಳು. ಶಂಕರಿಯ ಕೈ ನಿಂತಿತು.

"ಎಂಟೇ. ಅದರಲ್ಲಿ ಹೊಸತು ಎಂತ ಉಂಟು?" ಎಂದರು.

"ಅಮ್ಮಾ, ನಿನಗೆ ಗೊತ್ತಿತ್ತಾ?"

"ನಿನ್ನ ಅಪ್ಪ ಹೇಳಿದ್ದರು. ನಿಮಗೆ ಹೇಳಬಾರದು ಅಂದಿದ್ದರು. ಆ ಹೆಂಗಸು ತನ್ನ ಸೆರಗಿನಲ್ಲಿ ನಮ್ಮ ಕಿನ್ನಿಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳಂತೆ. ಗಂಟು ಬಿಚ್ಚಲಿಕ್ಕೆ ಇವರಿಗೆ ಮನಸ್ಸು ಬರಲಿಲ್ಲ. ಒಂದೇ ಹೊಂಡ ತೋಡಿದ್ದು."

ಸುಂದರಿ ಫೋನು ಕೆಳಗಿಟ್ಟಳು.

"ತೀರಿಹೋದವರಿಗೆ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವಾಗ ಕಿನ್ನಿಯ ಎಲೆಯ ಒತ್ತಿಗೆ ಇನ್ನೊಂದು ಎಲೆ ಹಾಕ್ತೇನಲ್ಲ. ಅದು ಯಾರಿಗೆ ಅಂದುಕೊಂಡಿದ್ದಿ?"

"ಅಜ್ಜಿಗೆ ಅಂತ."

"ಅಜ್ಜಿಯದ್ದು ಈಚೆ ಬದಿಗೆ ಬೇರೆಯೇ ಉಂಟು. ಅದು ಅವಳಿಗೆ. ಹೆಸರು ಗೊತ್ತಿಲ್ಲ, ಕರೆಯುವುದು ಹೇಗೆ? 'ಕಿನ್ನಿಯನ್ನು ಹಿಡಿದುಕೊಂಡವಳೇ, ಬಾ' ಅಂತ ಕರೀತೇನೆ."

ತಾಯಿ ಮತ್ತೆ ಹುಣಸೆ ಬಿಡಿಸತೊಡಗಿದರು. ಸುಂದರಿಯೂ ಒಂದು ಹಿಡಿ ತೆಗೆದುಕೊಂಡು ಬೀಜ ಬೇರೆ ಮಾಡತೊಡಗಿದಳು. ವಾಸಪ್ಪನ ಟೆಂಪೋ ಬಂದ ಸದ್ದು ಕೇಳುವವರೆಗೂ ಇಬ್ಬರೂ ಹಾಗೆಯೇ ಇದ್ದರು.

ಜುಲೈಯಲ್ಲಿ ಆಟಿ ಬಂದಾಗ ಶಂಕರಿಗೆ ಮೊಣಕಾಲು ನೋವು, ಬಗ್ಗಲಾಗುತ್ತಿರಲಿಲ್ಲ. ಎಲೆ ಹಾಕಿ ಬಡಿಸಿದ್ದು ಸುಂದರಿ. ಕರೆಯುವ ಮಾತನ್ನು ಅವಳು ತಾಯಿಯಿಂದ ಎರಡು ಸಲ ಹೇಳಿಸಿಕೊಂಡು ಕಲಿತಿದ್ದಳು.