ಎಡದ ದೀಪ ತುಸು ನಿಧಾನ

ನಮ್ಮ ಮನೆಯವರು ದಿನಾ ಸಂಜೆ ಹುಮನಾಬಾದಿನಿಂದ ಮಾಣಿಕನಗರಕ್ಕೆ ಭಜನೆಗೆಂದು ಸೈಕಲ್ ಮೇಲೆ ಹೋಗುತ್ತಿದ್ದರು. ಹಿಂದೊಂದು ದೀಪ ಹಾಕಿಸಿಕೊಳ್ಳಿ ಎಂದರೆ, "ದೇವರು ನೋಡ್ಕೋತಾನ ಬಿಡು" ಅನ್ನೋರು.

"ದೇವರು ನೋಡ್ತಾನ್ರಿ. ಲಾರಿಯವ ನೋಡಬೇಕಲ್ಲ?" ಅಂದೆ.

ಸಿಟ್ಟಿನಲ್ಲಿ ನಾನೇ ಮಾಡಲು ಕೂತೆ. ಮದುವೆಗೆ ಮೊದಲು, ತವರೂರು ಬಸವಕಲ್ಯಾಣದಲ್ಲಿ ಐಟಿಐಗೆ ಹೋಗುವಾಗ ಬೆಸುಗೆ ಹಾಕಲು ಕಲಿತಿದ್ದೆ; ಕೈ ಮರೆತಿರಲಿಲ್ಲ. ಪೇಢೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಮೂರು ಸೆಲ್, ಎರಡು ಟ್ರಾನ್ಸಿಸ್ಟರ್, ಎರಡು ಕೆಂಪು ಎಲ್‌ಇಡಿ ಕೂರಿಸಿದೆ. ದೀಪ ಎಷ್ಟು ಬೇಗ ಮಿನುಗಬೇಕೆಂಬುದು ಕೆಪಾಸಿಟರ್ ಕೈಯಲ್ಲಿ. ಒಂದೇ ಅಳತೆಯವು ಎರಡು ಸಿಗದೆ, ಒಂದನ್ನು ಹಳೆಯ ರೇಡಿಯೊದಿಂದ ಕಿತ್ತು ಹಾಕಿದೆ. ಹಾಗಾಗಿ ಬಲದ ದೀಪ ಚಕ್ಕನೆ ಆರುತ್ತಿತ್ತು, ಎಡದ್ದು ತುಸು ತಡೆದು.

ಮಾಳಿಗೆ ಮೇಲೆ ನಿಂತರೆ ಆ ಕುಂಟು ಮಿನುಗಿನಿಂದಲೇ ಅವರು ಗುರುತು ಸಿಗುತ್ತಿದ್ದರು. ರಸ್ತೆಯಲ್ಲಿ ಎಷ್ಟು ಗಾಡಿಗಳಿದ್ದರೂ ತಿರುವು ದಾಟುವವರೆಗೆ ನನ್ನ ಕಣ್ಣಲ್ಲೇ ಇರುತ್ತಿದ್ದರು.

ಈಗ ಅವರಿಗೆ ಮೊಣಕಾಲು ನೋವು. ಸೈಕಲ್ ಗೋಡೆಗೆ ಒರಗಿದೆ. ದೀಪವೇನೂ ಕೆಟ್ಟಿಲ್ಲ, ಆಗಾಗ ಹಚ್ಚಿ ನೋಡುತ್ತೇನೆ. ಭಜನೆಗೆ ಈಗ ಆಟೋದಲ್ಲಿ ಹೋಗುತ್ತಾರೆ; ಅವರು ಹತ್ತುವ ಮೂಲೆ ನಮ್ಮ ಮಾಳಿಗೆಗೆ ಕಾಣುವುದಿಲ್ಲ. ಆದರೂ ಅವರು ಹೊರಟ ಮೇಲೆ ಮಾಳಿಗೆ ಹತ್ತುತ್ತೇನೆ. ಆಟೋಗಳ ಹಿಂದಿನ ದೀಪಗಳೆಲ್ಲ ಒಂದೇ ಥರ. ಯಾವುದೋ ಒಂದನ್ನು ಅವರದೇ ಎಂದುಕೊಂಡು ತಿರುವಿನವರೆಗೂ ನೋಡುತ್ತೇನೆ. ಎಷ್ಟು ಸಂಜೆ ಇನ್ಯಾರದೋ ಗಂಡನನ್ನು ಕಳಿಸಿಕೊಟ್ಟು ಕೆಳಗಿಳಿದಿದ್ದೇನೋ.